ಕಾರು ನಿಲ್ಲುವ ನೆಲದ ಕೆಳಗಿನ ಬಟ್ಟೆ

(ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕ ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಸಂಜೆ ಯಾವುದಾದರೂ ವಾಹನ ನಿಲುಗಡೆಯ ಅಂಚಿನಲ್ಲಿ ಒಂದು ಗಳಿಗೆ ನಿಂತು ನೋಡಿ. ಸ್ಕೂಟರು, ಕಾರುಗಳು ಸಾಲಾಗಿ ನಿಲ್ಲುವ ಜಾಗದಿಂದ ಹರಿದು ಬರುವ ನೀರಿನ ಮೇಲೆ ನೀಲಿ, ನೇರಳೆ, ಹಳದಿ ಬಣ್ಣಗಳ ತೆಳುವಾದ ಪೊರೆಯೊಂದು ತೇಲುತ್ತ, ಒಡೆಯುತ್ತ, ಮತ್ತೆ ಕೂಡಿಕೊಳ್ಳುತ್ತ ಚರಂಡಿಯ ಬಾಯಿಯವರೆಗೆ ಸಾಗುತ್ತದೆ. ಮಕ್ಕಳು ಅದನ್ನು ಕಾಮನಬಿಲ್ಲು ಎನ್ನುತ್ತಾರೆ. ಅದು ಎಂಜಿನ್ ಆಯಿಲ್. ಆ ಬಣ್ಣದ ಪೊರೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಒಂದೇ ಒಂದು ಹನಿ ಆಯಿಲ್ ಊಟದ ತಟ್ಟೆಯಷ್ಟು ಅಗಲದ ನೀರನ್ನು ಮುಚ್ಚಬಲ್ಲದು. ಒಂದು ವಾಹನದಿಂದ ದಿನಕ್ಕೆ ಎರಡು ಹನಿ ಸೋರಿದರೆ ಅದನ್ನು ಯಾರೂ ಸೋರಿಕೆ ಎಂದು ಕರೆಯುವುದಿಲ್ಲ, ಮೆಕ್ಯಾನಿಕ್ ಕೂಡ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನೂರು ವಾಹನಗಳು ನಿಲ್ಲುವ ಜಾಗದಲ್ಲಿ ಮಳೆಯಿಲ್ಲದ ನಾಲ್ಕು ತಿಂಗಳು ಈ ಹನಿಗಳು ಕೂಡುತ್ತಲೇ ಹೋಗುತ್ತವೆ, ಮತ್ತು ಮೊದಲ ಅರ್ಧ ಗಂಟೆಯ ಮಳೆ ಅವನ್ನೆಲ್ಲ ಒಟ್ಟಿಗೆ ತೊಳೆದು ಕೆರೆಯ ದಾರಿ ಹಿಡಿಸುತ್ತದೆ.

ಈ ಎಣ್ಣೆ ಕೆರೆ ಮುಟ್ಟುವ ಮುನ್ನ, ಬಿದ್ದ ಜಾಗದಲ್ಲೇ, ಕಾರಿನ ಚಕ್ರದ ಕೆಳಗೇ ಅದನ್ನು ಸೂಕ್ಷ್ಮಜೀವಿಗಳಿಗೆ ಆಹಾರವಾಗಿಸಲು ಸಾಧ್ಯವೇ ಎಂಬುದು ಇಂದಿನ ನನ್ನ ವಿಷಯ. ಸಾಧ್ಯ ಎಂಬುದನ್ನು ಇಂಗ್ಲೆಂಡಿನ ಕೊವೆಂಟ್ರಿ ನಗರದ ಸಂಶೋಧಕರು ಎರಡು ದಶಕಗಳಿಗೂ ಮೀರಿದ ಕೆಲಸದಲ್ಲಿ ತೋರಿಸಿಕೊಟ್ಟಿದ್ದಾರೆ. ಅವರ ಕೆಲಸದ ನಡುವೆ ಇರುವುದು ಒಂದು ಬಟ್ಟೆ. ಬಟ್ಟೆ ಎಂದರೆ ಹತ್ತಿಯದಲ್ಲ, ನೇಯ್ದದ್ದೂ ಅಲ್ಲ. ಪಾಲಿಪ್ರಾಪಿಲೀನ್, ಪಾಲಿಎಥಿಲೀನ್‌ಗಳಂತಹ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳನ್ನು ಒತ್ತೊತ್ತಾಗಿ ಹಾಸಿ, ಶಾಖದಿಂದ ಬೆಸೆದು ಮಾಡಿದ ಹಾಳೆ. ಎಂಜಿನಿಯರುಗಳು ಇದನ್ನು ಜಿಯೋಟೆಕ್ಸ್‌ಟೈಲ್ ಎನ್ನುತ್ತಾರೆ. ರಸ್ತೆ, ರೈಲು ಹಳಿ, ಏರಿ, ತಡೆಗೋಡೆ ಹೀಗೆ ಎಲ್ಲ ಕಡೆ ಇದರ ಬಳಕೆ ಇದೆ. ಮಣ್ಣು ಮತ್ತು ಜಲ್ಲಿ ಒಂದರೊಳಗೊಂದು ಬೆರೆಯದಂತೆ ತಡೆಯುವುದು, ನೀರನ್ನು ಮಾತ್ರ ಸೋಸಿ ಬಿಡುವುದು ಇದರ ಹಳೆಯ ಕೆಲಸ. ಕೊವೆಂಟ್ರಿಯವರು ಅದಕ್ಕೆ ಹೊಸದೊಂದು ಕೆಲಸ ಹಚ್ಚಿದರು.

ಈ ಕೆಲಸ ಆ ಊರಿನಲ್ಲಿಯೇ ನಡೆದದ್ದು ನನಗೆ ಯಾವಾಗಲೂ ಸರಿಯೆನಿಸಿದೆ. ಬ್ರಿಟನ್ನಿನ ಮೋಟಾರು ಉದ್ಯಮ ಹುಟ್ಟಿದ್ದು ಕೊವೆಂಟ್ರಿಯಲ್ಲಿ. ಡೈಮ್ಲರ್, ಸ್ಟ್ಯಾಂಡರ್ಡ್, ಜಾಗ್ವಾರ್ ಕಂಪನಿಗಳ ಕಾರ್ಖಾನೆಗಳು ಅಲ್ಲಿದ್ದವು. ಇಂದಿನ ಕೊವೆಂಟ್ರಿ ವಿಶ್ವವಿದ್ಯಾಲಯವು ಒಂದು ಕಾಲಕ್ಕೆ ಲ್ಯಾಂಚೆಸ್ಟರ್ ಪಾಲಿಟೆಕ್ನಿಕ್ ಆಗಿತ್ತು, ಅಂದರೆ ಮೋಟಾರು ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರ ಹೆಸರನ್ನೇ ಹೊತ್ತಿತ್ತು. ಕಾರು ಕಟ್ಟಿದ ಊರು ಕಾರಿನಿಂದ ಸೋರುವ ಎಣ್ಣೆಯ ಹೊಣೆಯನ್ನೂ ಹೊತ್ತುಕೊಂಡಿತು.

ಮೊದಲಿಗೆ ನೆಲದ ರಚನೆಯನ್ನು ನೋಡೋಣ. ನಾವು ಸಾಮಾನ್ಯವಾಗಿ ಇಂಟರ್‌ಲಾಕ್ ಎಂದು ಕರೆಯುವ ಕಾಂಕ್ರೀಟ್ ಬ್ಲಾಕುಗಳ ನೆಲವನ್ನು ನೆನಪಿಸಿಕೊಳ್ಳಿ. ಅದರಲ್ಲಿ ಬ್ಲಾಕಿನ ಕೆಳಗೆ ಮರಳು ಅಥವಾ ಕ್ರಷರ್ ಡಸ್ಟ್ ಇರುತ್ತದೆ, ಸಂದುಗಳಲ್ಲೂ ಅದೇ ಇರುತ್ತದೆ, ನೀರು ಬಹುಮಟ್ಟಿಗೆ ಮೇಲೆಯೇ ಹರಿದು ಹೋಗುತ್ತದೆ. ನೀರು ಇಂಗಿಸುವ ನೆಲ ಹೊರನೋಟಕ್ಕೆ ಹಾಗೆಯೇ ಕಂಡರೂ ಒಳಗೆ ಬೇರೆಯೇ. ಬ್ಲಾಕುಗಳ ನಡುವೆ ಬೇಕೆಂದೇ ಅಗಲವಾದ ಸಂದುಗಳನ್ನು ಬಿಟ್ಟಿರುತ್ತಾರೆ ಮತ್ತು ಅವುಗಳಲ್ಲಿ ಡಸ್ಟ್ ಇಲ್ಲದ ಸಣ್ಣ ಜಲ್ಲಿಯನ್ನು ತುಂಬುತ್ತಾರೆ. ಬ್ರಿಟನ್ನಿನ ವಿನ್ಯಾಸಗಳಲ್ಲಿ ಬ್ಲಾಕಿನ ದಪ್ಪ ಸಾಮಾನ್ಯವಾಗಿ 80 ಮಿಲಿಮೀಟರ್. ಅದರ ಕೆಳಗೆ ಸುಮಾರು 50 ಮಿಲಿಮೀಟರ್ ದಪ್ಪಕ್ಕೆ ತೊಳೆದ ಸಣ್ಣ ಜಲ್ಲಿ. ಅದರ ಕೆಳಗೆ ನಾನು ಹೇಳಿದ ಬಟ್ಟೆ. ಬಟ್ಟೆಯ ಕೆಳಗೆ ಮುನ್ನೂರು ಮಿಲಿಮೀಟರಿಗೂ ಹೆಚ್ಚು ಆಳಕ್ಕೆ ದಪ್ಪ ಜಲ್ಲಿ. ಈ ದಪ್ಪ ಜಲ್ಲಿಯ ಪದರದಲ್ಲಿ ನೂರಕ್ಕೆ ಮೂವತ್ತು ಪಾಲಿಗಿಂತ ಹೆಚ್ಚು ಜಾಗ ಖಾಲಿ. ಮಳೆ ಬಂದಾಗ ಆ ಖಾಲಿ ಜಾಗವೇ ತೊಟ್ಟಿಯಾಗುತ್ತದೆ. ಅಲ್ಲಿ ತಂಗಿದ ನೀರು ನಿಧಾನವಾಗಿ ನೆಲಕ್ಕೆ ಇಂಗುತ್ತದೆ, ಇಲ್ಲವೇ ತಳದಲ್ಲಿ ಹಾಕಿದ ಕೊಳವೆಯಿಂದ ಹೊರಹೋಗುತ್ತದೆ.

ಇಂಥ ನೆಲಗಳ ಬಗ್ಗೆ ಬ್ರಿಟನ್ನಿನಲ್ಲಿ ವ್ಯವಸ್ಥಿತ ಅಧ್ಯಯನ ಆರಂಭಿಸಿದವರಲ್ಲಿ ಕ್ರಿಸ್ ಪ್ರ್ಯಾಟ್ ಪ್ರಮುಖರು. 1980ರ ದಶಕದಲ್ಲಿ ನಾಟಿಂಗ್‌ಹ್ಯಾಮ್‌ನ ಕ್ಲಿಫ್ಟನ್‌ನಲ್ಲಿ ಅವರ ತಂಡ ಒಂದು ವಾಹನ ನಿಲುಗಡೆಯನ್ನೇ ಪ್ರಯೋಗಶಾಲೆಯಾಗಿ ಕಟ್ಟಿತು. ಅದನ್ನು ನಾಲ್ಕು ಭಾಗ ಮಾಡಿ, ಒಂದರ ಕೆಳಗೆ ಗುಂಡುಜಲ್ಲಿ, ಇನ್ನೊಂದರ ಕೆಳಗೆ ಗ್ರಾನೈಟ್, ಮತ್ತೊಂದರ ಕೆಳಗೆ ಸುಣ್ಣದ ಕಲ್ಲು, ನಾಲ್ಕನೆಯದರ ಕೆಳಗೆ ಕಬ್ಬಿಣದ ಕುಲುಮೆಯ ಕಿಟ್ಟವನ್ನು ಹಾಕಿ, ಪ್ರತಿ ಭಾಗದಿಂದ ಹೊರಬರುವ ನೀರಿನ ಪ್ರಮಾಣ ಮತ್ತು ಗುಣವನ್ನು ಬೇರೆ ಬೇರೆಯಾಗಿ ಅಳೆದರು. ಮುಂದೆ ಕೊವೆಂಟ್ರಿಯಲ್ಲಿ ಪ್ರ್ಯಾಟ್ ಅವರೊಡನೆ ಅಲನ್ ನ್ಯೂಮನ್, ಆಮೇಲೆ ಸ್ಟೀಫನ್ ಕೂಪ್ ಮೊದಲಾದವರು ಕೂಡಿಕೊಂಡಾಗ ಪ್ರಶ್ನೆ ನೀರಿನಿಂದ ಎಣ್ಣೆಯ ಕಡೆಗೆ ತಿರುಗಿತು. ವಾಹನ ನಿಲ್ಲುವ ನೆಲದ ಮೂಲಕ ಮಳೆನೀರನ್ನು ಇಂಗಿಸುತ್ತೇವೆ ಎಂದರೆ ಎಣ್ಣೆಯನ್ನೂ ಅಂತರ್ಜಲಕ್ಕೆ ಇಂಗಿಸಿದಂತಾಗುವುದಿಲ್ಲವೇ ಎಂಬ ಆಕ್ಷೇಪ ಸಹಜವಾಗಿಯೇ ಇತ್ತು. ಅದಕ್ಕೆ ಉತ್ತರ ಕೊಡದೆ ಈ ವಿದ್ಯೆ ಮುಂದೆ ಹೋಗುವಂತಿರಲಿಲ್ಲ.

ಅವರು ಪ್ರಯೋಗಾಲಯದಲ್ಲಿ ನೆಲದ ಪೂರ್ಣ ಗಾತ್ರದ ಮಾದರಿಯನ್ನು ಕಟ್ಟಿ, ಅದರ ಮೇಲೆ ನಿಯಮಿತವಾಗಿ ಎಣ್ಣೆಯನ್ನು ಹನಿಸಿ, ಕೃತಕ ಮಳೆ ಸುರಿಸಿ, ವರ್ಷಗಟ್ಟಲೆ ಗಮನಿಸಿದರು. 1999ರಲ್ಲಿ ಪ್ರಕಟವಾದ ಆ ದೀರ್ಘಾವಧಿ ಅವಲೋಕನದ ಪ್ರಕಾರ, ಹಾಕಿದ ಎಣ್ಣೆಯಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಪಾಲು ನೆಲದೊಳಗೇ ಉಳಿಯಿತು. ಉಳಿದದ್ದು ಬರೀ ಶೇಖರವಾಗಲಿಲ್ಲ ಎಂಬುದು ಅದಕ್ಕಿಂತ ಮುಖ್ಯವಾದ ಮಾತು. ಮಾದರಿಯೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು. ಅಂದರೆ ಒಳಗೆ ಯಾರೋ ಎಣ್ಣೆಯನ್ನು ಉಂಡು ಉಸಿರಾಡುತ್ತಿದ್ದರು.

ಉಣ್ಣುವವರು ಬ್ಯಾಕ್ಟೀರಿಯಾಗಳು ಮತ್ತು ಶಿಲೀಂಧ್ರಗಳು. ಖನಿಜ ತೈಲವೆಂದರೆ ಇಂಗಾಲ ಮತ್ತು ಜಲಜನಕಗಳ ಸರಪಳಿ, ಉಂಗುರಗಳು. ಸ್ಯೂಡೊಮೊನಾಸ್, ರೋಡೋಕಾಕಸ್, ಅಸಿನೆಟೊಬ್ಯಾಕ್ಟರ್ ಮುಂತಾದ ಕುಲಗಳ ಹಲವು ಬ್ಯಾಕ್ಟೀರಿಯಾಗಳಲ್ಲಿ ಆ ಸರಪಳಿಯ ತುದಿಗೆ ಆಮ್ಲಜನಕದ ಒಂದು ಪರಮಾಣುವನ್ನು ಸಿಕ್ಕಿಸುವ ಕಿಣ್ವಗಳಿವೆ. ಆ ಒಂದು ಹೆಜ್ಜೆ ಇಟ್ಟರೆ ಸಾಕು, ಸರಪಳಿ ಮೊದಲು ಮದ್ಯಸಾರವಾಗಿ, ಆಮೇಲೆ ಕೊಬ್ಬಿನಾಮ್ಲವಾಗಿ ಬದಲಾಗುತ್ತದೆ. ಅಲ್ಲಿಂದ ಮುಂದೆ ನಮ್ಮ ದೇಹ ತುಪ್ಪವನ್ನು ಅರಗಿಸುವ ರೀತಿಗೂ ಬ್ಯಾಕ್ಟೀರಿಯಾ ಎಂಜಿನ್ ಆಯಿಲನ್ನು ಅರಗಿಸುವ ರೀತಿಗೂ ಹೆಚ್ಚಿನ ವ್ಯತ್ಯಾಸವಿಲ್ಲ, ಎರಡೆರಡು ಇಂಗಾಲದ ತುಂಡುಗಳಾಗಿ ಸರಪಳಿ ಕತ್ತರಿಸಿಕೊಂಡು ಹೋಗುತ್ತದೆ. ನೇರ ಸರಪಳಿಗಳು ಬೇಗ ಕರಗುತ್ತವೆ, ಕವಲೊಡೆದವು ತಡವಾಗಿ, ಹಲವು ಉಂಗುರಗಳು ಬೆಸೆದುಕೊಂಡ ಅಣುಗಳು ಬಹಳ ತಡವಾಗಿ.

ಇಂಥ ಜೀವಿಗಳನ್ನು ಹೊರಗಿನಿಂದ ತಂದು ಬಿಡಬೇಕೇ? ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಂದೊಡನೆ ನಮ್ಮ ಜನ ಬಾಟಲಿಯಲ್ಲಿ ಮಾರುವ ಪುಡಿಯನ್ನೇ ನೆನೆಯುತ್ತಾರೆ, ಆದ್ದರಿಂದ ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಆನಂದ ಚಕ್ರವರ್ತಿ ಅವರು ಎಣ್ಣೆಯ ಹಲವು ಘಟಕಗಳನ್ನು ಒಡೆಯಬಲ್ಲ ಸ್ಯೂಡೊಮೊನಾಸ್ ತಳಿಯನ್ನು ರೂಪಿಸಿದ್ದರು. ಅದಕ್ಕೆ ಪೇಟೆಂಟ್ ಕೊಡಬಹುದೆಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಜೀವವಿಜ್ಞಾನದ ಇತಿಹಾಸದಲ್ಲಿ ದೊಡ್ಡದು. ಆದರೆ 1989ರ ಮಾರ್ಚ್‌ನಲ್ಲಿ ಅಲಾಸ್ಕಾದ ಕಡಲಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಕೋಟಿಗಟ್ಟಲೆ ಲೀಟರ್ ಕಚ್ಚಾ ತೈಲ ಚೆಲ್ಲಿದಾಗ, ಆ ಕಲ್ಲುದಂಡೆಗಳ ಜೈವಿಕ ಶುದ್ಧೀಕರಣಕ್ಕೆ ದೊಡ್ಡ ಪ್ರಮಾಣದಲ್ಲಿ ಹಾಕಿದ್ದು ಗೊಬ್ಬರವನ್ನು. ಸಾರಜನಕ ಮತ್ತು ರಂಜಕ ಸಿಕ್ಕಿದ ಕಡೆ ಅಲ್ಲಿನ ಜೀವಿಗಳೇ ಚುರುಕಾದವು. ಕೊವೆಂಟ್ರಿಯವರ ಅನುಭವವೂ ಹೀಗೆಯೇ. ಮೊದಲಿಗೆ ಅವರು ಮಾರುಕಟ್ಟೆಯ ಸೂಕ್ಷ್ಮಜೀವಿ ಮಿಶ್ರಣವನ್ನು ಬಳಸಿ ನೋಡಿದ್ದರು. ದೀರ್ಘಕಾಲದಲ್ಲಿ ಅದು ನೆಲದೊಳಗೆ ತಾನಾಗಿ ನೆಲೆಯೂರಿದ ಸ್ಥಳೀಯ ಜೀವಿಗಳಿಗಿಂತ ಮೇಲೇನೂ ಅಲ್ಲವೆಂದು 2002ರ ಪ್ರಬಂಧದಲ್ಲಿ ಬರೆದರು. ನಮ್ಮ ದೇಶದಲ್ಲಿ ಟೆರಿ ಎಂಬ ಇಂಧನ ಮತ್ತು ಸಂಪನ್ಮೂಲ ಸಂಶೋಧನಾ ಸಂಸ್ಥೆಯು ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ರೂಪಿಸಿ ತೈಲದ ಕೆಸರನ್ನು ಶುದ್ಧೀಕರಿಸಲು ಬಳಸಿದೆ, ಅದು ಸಾರ್ಥಕ ಕೆಲಸ. ಆದರೆ ಎಣ್ಣೆಯೇ ಕೆಸರಾಗಿ ರಾಶಿ ಬಿದ್ದಿರುವ ಜಾಗದ ಸಮಸ್ಯೆ ಬೇರೆ, ಹನಿಹನಿಯಾಗಿ ವರ್ಷವಿಡೀ ಬೀಳುವ ಎಣ್ಣೆಯ ಸಮಸ್ಯೆ ಬೇರೆ. ಹನಿ ಬೀಳುವ ನೆಲದಲ್ಲಿ ಉಣ್ಣುವವರು ಧೂಳಿನೊಡನೆ, ಚಕ್ರದ ಮಣ್ಣಿನೊಡನೆ ತಾವಾಗಿಯೇ ಬಂದು ಸೇರುತ್ತಾರೆ. ಅವರಿಗೆ ನೆಲೆ, ಗಾಳಿ, ತೇವ, ಪೋಷಕಾಂಶ ನಾಲ್ಕೂ ಒಂದೇ ಕಡೆ ಸಿಗುವಂತೆ ಮಾಡುವುದು ಎಂಜಿನಿಯರನ ಪಾಲಿನ ಕೆಲಸ. ಬಟ್ಟೆ ಬರುವುದು ಇಲ್ಲಿ.

ನೀವೇ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಅಂಗೈ ಅಗಲದ ಜಿಯೋಟೆಕ್ಸ್‌ಟೈಲ್ ತುಂಡನ್ನು ಒಂದು ಗಾಜಿನ ಲೋಟದ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಿರಿ. ಅದರ ಮೇಲೆ ಹಳೆಯ ಕಪ್ಪು ಎಂಜಿನ್ ಆಯಿಲ್ ಒಂದೆರಡು ಹನಿ ಬಿಡಿ. ಹನಿ ಬಿದ್ದಲ್ಲೇ ಗುಂಡಗೆ ಕೂರುವುದಿಲ್ಲ. ಎಳೆಯಿಂದ ಎಳೆಗೆ ಹಬ್ಬುತ್ತ ನಿಮಿಷದೊಳಗೆ ಒಂದು ರೂಪಾಯಿ ನಾಣ್ಯವನ್ನು ಮೀರಿ ಹರಡಿ, ಅಂಚು ಕಂದಾಗಿ, ನಡುವೆ ಕಪ್ಪಾಗಿ ನಿಲ್ಲುತ್ತದೆ. ಈಗ ಚಮಚದಲ್ಲಿ ನೀರನ್ನು ನಿಧಾನವಾಗಿ ಸುರಿಯಿರಿ. ಮೊದಲು ನೀರು ಬಟ್ಟೆಯ ಮೇಲೆ ಮಣಿಯಾಗಿ ನಿಲ್ಲುತ್ತದೆ, ಏಕೆಂದರೆ ಪಾಲಿಪ್ರಾಪಿಲೀನಿಗೂ ನೀರಿಗೂ ಒಗ್ಗುವುದಿಲ್ಲ. ತೂಕ ಕೂಡಿದ ಮೇಲೆ ರಂಧ್ರಗಳಿಂದ ತೊಟ್ಟಿಕ್ಕುತ್ತದೆ. ಲೋಟದೊಳಗೆ ಬಿದ್ದ ನೀರನ್ನು ಬೆಳಕಿಗೆ ಹಿಡಿದು ನೋಡಿದರೆ ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ಕಪ್ಪು ಮಚ್ಚೆ ಮೇಲೆಯೇ ಇರುತ್ತದೆ. ನಾನು ಈ ಪ್ರಯೋಗವನ್ನು ತರಗತಿಯಲ್ಲಿ ಎಷ್ಟೋ ಸಲ ಮಾಡಿದ್ದೇನೆ, ಪ್ರತಿ ಸಲವೂ ಆ ಮಚ್ಚೆ ಹರಡುವುದನ್ನು ನೋಡುವಾಗ ನನಗೆ ಸಂತೋಷವಾಗುತ್ತದೆ.

ಆ ಹರಡುವಿಕೆಯಲ್ಲಿ ಮೂರು ಉಪಕಾರಗಳು ಒಟ್ಟಿಗೆ ನಡೆದಿವೆ. ಎಣ್ಣೆ ನಿಂತಿತು, ನಿಂತದ್ದು ತೆಳುವಾಗಿ ಹಬ್ಬಿದ್ದರಿಂದ ಜೀವಿಗಳ ಬಾಯಿಗೆ ಎಟುಕುವ ಮೇಲ್ಮೈ ಹೆಚ್ಚಿತು, ಮತ್ತು ಅದು ನಿಂತದ್ದು ಮೇಲಿನಿಂದ ಒಂದು ಗೇಣು ಆಳವೂ ಇಲ್ಲದ ಕಡೆ, ಸಂದುಗಳ ಮೂಲಕ ಗಾಳಿ ಸುಲಭವಾಗಿ ತಲುಪುವ ಕಡೆ. ಬಟ್ಟೆಯ ಎಳೆಗಳ ಮೇಲೆ ಕೆಲವು ವಾರಗಳಲ್ಲಿ ಬ್ಯಾಕ್ಟೀರಿಯಾಗಳು ತಮ್ಮದೇ ಲೋಳೆಯಲ್ಲಿ ಅಂಟಿಕೊಂಡು ಪದರ ಕಟ್ಟುತ್ತವೆ, ಇದೇ ಬಯೋಫಿಲ್ಮ್. ಕೆರೆಯ ಮೆಟ್ಟಿಲಿನ ಪಾಚಿ ಕಾಲಿಗೆ ಜಾರುವುದನ್ನು ಬಲ್ಲವರಿಗೆ ಇಂಥ ಪದರ ಎಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ ಎಂದು ಹೇಳಬೇಕಿಲ್ಲ. ರಭಸದ ಮಳೆಯೂ ಅದನ್ನು ಸುಲಭವಾಗಿ ಕಿತ್ತುಹಾಕದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕೊವೆಂಟ್ರಿಯ ತಂಡ ಈ ಪದರವನ್ನು ಕಂಡಿತು.

ಬ್ಯಾಕ್ಟೀರಿಯಾ ಮಾತ್ರವಲ್ಲ, ಅವನ್ನು ಮೇಯುವ ಏಕಕೋಶಜೀವಿಗಳೂ ಅಲ್ಲಿ ನೆಲೆಸಿದ್ದವು. ರೋಮಗಳನ್ನು ಬಡಿಯುತ್ತ ಈಜುವ ಸಿಲಿಯೇಟುಗಳು, ಚಿಪ್ಪು ಹೊತ್ತ ಅಮೀಬಾಗಳು. ಕೂಪ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಜೀವವೈವಿಧ್ಯವನ್ನೇ ಕುರಿತದ್ದು. ಬ್ಯಾಕ್ಟೀರಿಯಾವನ್ನು ತಿನ್ನುವವರಿದ್ದರೆ ಕೆಲಸ ಕುಂಠಿತವಾಗಬೇಕಲ್ಲವೇ ಎಂದು ನನಗೂ ಮೊದಲು ಅನ್ನಿಸಿತ್ತು. ಆದರೆ ದನ ಮೇದ ಹುಲ್ಲು ಮತ್ತೆ ಚಿಗುರುವಂತೆ, ಮೇಯಿಸಿಕೊಂಡ ಬ್ಯಾಕ್ಟೀರಿಯಾ ಪದರ ಎಳೆಯದಾಗಿಯೇ ಉಳಿಯುತ್ತದೆ, ಮತ್ತು ಮೇದವರ ವಿಸರ್ಜನೆಯಿಂದ ಸಾರಜನಕ, ರಂಜಕಗಳು ಮರಳಿ ನೀರಿಗೆ ಬಂದು ಉಳಿದ ಬ್ಯಾಕ್ಟೀರಿಯಾಗಳಿಗೆ ದಕ್ಕುತ್ತವೆ.

ಈಗ ಗಾಳಿಯ ಲೆಕ್ಕ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಲಿ ಎಂದು ನನ್ನ ಆಸೆ, ಏಕೆಂದರೆ ಇಡೀ ನೆಲದ ವಿನ್ಯಾಸ ಈ ಲೆಕ್ಕದ ಮೇಲೆ ನಿಂತಿದೆ. ಹನ್ನೆರಡು ಇಂಗಾಲಗಳ ಸರಪಳಿಯಾದ ಡೋಡೆಕೇನನ್ನು ಎಣ್ಣೆಯ ಪ್ರತಿನಿಧಿ ಎಂದು ಹಿಡಿದರೆ, ಅದರ ಒಂದು ಗ್ರಾಂ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು ಸುಮಾರು 3.5 ಗ್ರಾಂ ಆಮ್ಲಜನಕ ಬೇಕು. ಒಂದು ಚದರ ಮೀಟರ್ ನೆಲದ ಕೆಳಗೆ 350 ಮಿಲಿಮೀಟರ್ ಜಲ್ಲಿಯಿದ್ದು ಅದರಲ್ಲಿ ನೂರಕ್ಕೆ 30 ಪಾಲು ಖಾಲಿ ಎಂದುಕೊಂಡರೆ, ಅಲ್ಲಿ 105 ಲೀಟರ್ ಗಾಳಿ ಹಿಡಿಯುತ್ತದೆ. ಆ ಗಾಳಿಯಲ್ಲಿ ಆಮ್ಲಜನಕ ಹತ್ತಿರ ಹತ್ತಿರ 28 ಗ್ರಾಂ. ಅಂದರೆ ಗಾಳಿ ಬದಲಾಗದಿದ್ದರೂ 8 ಗ್ರಾಂ ಎಣ್ಣೆ ಅರಗಬಲ್ಲದು. ಅದೇ ಜಾಗದಲ್ಲಿ ನೀರು ನಿಂತಿದೆ ಎನ್ನಿ. ನಮ್ಮ ಹವೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ 8 ಮಿಲಿಗ್ರಾಂನಷ್ಟು. 105 ಲೀಟರಿಗೆ ಒಂದು ಗ್ರಾಂ ಕೂಡ ಇಲ್ಲ. ಆ ನೀರಿನಲ್ಲಿ ಕಾಲು ಗ್ರಾಂ ಎಣ್ಣೆ ಅರಗುವಷ್ಟರಲ್ಲಿ ಉಸಿರು ಮುಗಿಯುತ್ತದೆ. ಒಂದೇ ಜಾಗ, ಗಾಳಿಯಿದ್ದರೆ ಮೂವತ್ತು ಪಟ್ಟಿಗೂ ಹೆಚ್ಚು ಶಕ್ತಿ. ಆದ್ದರಿಂದ ಮಳೆ ನಿಂತ ಒಂದೆರಡು ದಿನದಲ್ಲಿ ಒಳಗಿನ ನೀರು ಖಾಲಿಯಾಗಲೇಬೇಕು. ಖಾಲಿಯಾಗುವ ನೀರು ಮೇಲಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ, ಹೀಗೆ ಪ್ರತಿ ಮಳೆಯೂ ಆ ನೆಲಕ್ಕೆ ಒಂದು ಉಸಿರು. ಜಿಗುಟು ಮಣ್ಣಿನ ಮೇಲೆ ಕಟ್ಟುವವರು ತಳದ ಕೊಳವೆಯನ್ನು ಮರೆತರೆ ಬಟ್ಟೆ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಗಾಳಿಯಾಯಿತು, ನೀರಾಯಿತು. ಉಳಿದದ್ದು ಗೊಬ್ಬರ, ಮತ್ತು ಇಲ್ಲಿಯೇ ಈ ವಿಷಯದ ನಿಜವಾದ ತೊಡಕಿರುವುದು. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ, ತೂಕದ ನೂರಕ್ಕೆ 85ರಷ್ಟು. ಆದರೆ ಬರೀ ಇಂಗಾಲದಿಂದ ಜೀವಕೋಶ ಕಟ್ಟಲಾಗದು. ಇಂಗಾಲ, ಸಾರಜನಕ, ರಂಜಕಗಳು 100:10:1ರ ಪ್ರಮಾಣದಲ್ಲಿರಬೇಕೆಂಬುದು ಈ ಕ್ಷೇತ್ರದವರು ಕೈಯಳತೆಯಾಗಿ ಬಳಸುವ ಸೂತ್ರ. ಆ ಲೆಕ್ಕದಲ್ಲಿ ಒಂದು ಕಿಲೋ ಎಣ್ಣೆಗೆ 85 ಗ್ರಾಂ ಸಾರಜನಕ, ಎಂಟೂವರೆ ಗ್ರಾಂ ರಂಜಕ ಬೇಕಾಗುತ್ತದೆ. ಸಾರಜನಕ ಮಳೆಯೊಡನೆ ಅಷ್ಟಿಷ್ಟು ಬರುತ್ತದೆ, ಗಾಳಿಯಿಂದ ಅದನ್ನು ಹಿಡಿದಿಡುವ ಬ್ಯಾಕ್ಟೀರಿಯಾಗಳೂ ಇವೆ. ರಂಜಕಕ್ಕೆ ಅಂಥ ದಾರಿಯಿಲ್ಲ. ಗಾಳಿಯಲ್ಲಿ ಅದರ ದಾಸ್ತಾನು ಇಲ್ಲ, ತೊಳೆದ ಗ್ರಾನೈಟ್ ಜಲ್ಲಿಯಿಂದ ಅದು ಸುಲಭವಾಗಿ ಬಿಡುಗಡೆಯಾಗುವುದೂ ಇಲ್ಲ. ಶುದ್ಧವಾದ ಜಲ್ಲಿಯ ನೆಲ, ಜೀವಿಗಳ ಪಾಲಿಗೆ, ಎಣ್ಣೆಯಿದ್ದೂ ಉಪ್ಪಿಲ್ಲದ ಅಡುಗೆಮನೆ.

ಮೊದಲ ಪ್ರಯೋಗಗಳಲ್ಲಿ ನರ್ಸರಿಯವರು ಕುಂಡಕ್ಕೆ ಹಾಕುವಂಥ, ನಿಧಾನವಾಗಿ ಕರಗುವ ಗೊಬ್ಬರದ ಗುಳಿಗೆಗಳನ್ನು ನೆಲದೊಳಗೆ ಹಾಕಿದ್ದರು. ಅದು ಫಲ ಕೊಟ್ಟಿತು. ಆದರೆ ಪ್ರಯೋಗಾಲಯದ ಮಾದರಿಗೆ ಗುಳಿಗೆ ಉದುರಿಸಿದಂತೆ ಊರಿನ ವಾಹನ ನಿಲುಗಡೆಗೆ ವರ್ಷ ವರ್ಷ ಯಾರು ಉದುರಿಸುತ್ತಾರೆ? ಉದುರಿಸಿದ್ದು ಮೊದಲ ಮಳೆಗೇ ಕರಗಿ ಹೊರಹೋದರೆ? ರಂಜಕ ಕೆರೆಗೆ ಹೋದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳು ಸಾಬೂನು ಮತ್ತು ಕೊಳಚೆಯ ರಂಜಕವನ್ನು ಉಂಡು ಜೊಂಡು ಬೆಳೆಸಿ ನೊರೆ ಕಾರಿದ್ದನ್ನು ನಾವೇ ಕಂಡಿದ್ದೇವೆ. ಎಣ್ಣೆಯನ್ನು ತಡೆಯಲು ಹೋಗಿ ರಂಜಕವನ್ನು ಕಳುಹಿಸಿದರೆ ಒಂದು ರೋಗಕ್ಕೆ ಮದ್ದು ಕೊಟ್ಟು ಇನ್ನೊಂದನ್ನು ತರಿಸಿದಂತೆ. ಹಾಗಾಗಿ ಜೀವಿಗೆ ಸಾಕಾಗುವಷ್ಟು, ಕೆರೆಗೆ ತಲುಪದಷ್ಟು, ಅದೂ ವರ್ಷಗಟ್ಟಲೆ, ಎಣ್ಣೆ ನಿಂತ ಜಾಗದಲ್ಲೇ ಕೊಡಬೇಕು.

ಕೊವೆಂಟ್ರಿಯ ತಂಡಕ್ಕೆ ಹೊಳೆದ ಉತ್ತರ, ಗೊಬ್ಬರವನ್ನು ಬಟ್ಟೆಯಲ್ಲೇ ಇಡುವುದು. 2006ರಲ್ಲಿ ಸ್ಪೈಸರ್, ಲಿಂಚ್, ನ್ಯೂಮನ್ ಮತ್ತು ಕೂಪ್ ಅವರು ನಿಧಾನವಾಗಿ ಫಾಸ್ಫೇಟ್, ಅಂದರೆ ರಂಜಕದ ಲವಣ, ಬಿಡುವ ಮಣಿಗಳನ್ನು ಒಳಗೊಂಡ ಜಿಯೋಟೆಕ್ಸ್‌ಟೈಲ್ ಬಗ್ಗೆ ಪ್ರಬಂಧ ಪ್ರಕಟಿಸಿದರು. ತನಗೆ ತಾನೇ ಗೊಬ್ಬರ ಕೊಟ್ಟುಕೊಳ್ಳುವ ಬಟ್ಟೆ ಎಂದು ಇದನ್ನು ಕರೆಯಬಹುದು. ಇದರ ಹಿಂದಿನ ವಿಚಾರ ಎಷ್ಟು ಸೊಗಸಾಗಿದೆ ನೋಡಿ: ಎಣ್ಣೆ ಹಬ್ಬುವುದು ಎಳೆಯ ಮೇಲೆ, ಬ್ಯಾಕ್ಟೀರಿಯಾ ಅಂಟುವುದು ಎಳೆಯ ಮೇಲೆ, ರಂಜಕ ಜಿನುಗುವುದೂ ಅದೇ ಎಳೆಗಳ ನಡುವಿನಿಂದ. ಜಿನುಗಿದ ಫಾಸ್ಫೇಟ್ ನೀರಿಗೆ ಸೇರುವ ಮೊದಲೇ ಲೋಳೆಪದರವನ್ನು ದಾಟಬೇಕು, ಹಸಿದ ಜೀವಿಗಳು ಅದನ್ನು ಅಲ್ಲೇ ಹಿಡಿದುಕೊಳ್ಳುತ್ತವೆ. ನಮ್ಮ ರೈತರು ಹೊಲಕ್ಕೆಲ್ಲ ಎರಚದೆ ಗಿಡದ ಬುಡಕ್ಕೇ ಒಂದೊಂದು ಹಿಡಿ ಗೊಬ್ಬರ ಕೊಡುವ ಕ್ರಮಕ್ಕೂ ಇದಕ್ಕೂ ತತ್ವದಲ್ಲಿ ಭೇದವಿಲ್ಲ.

ಸ್ಪೇನ್ ದೇಶದ ಸಾಂಟಾಂಡೆರ್‌ನಲ್ಲಿರುವ ಕಾಂಟಾಬ್ರಿಯಾ ವಿಶ್ವವಿದ್ಯಾಲಯದವರೂ ಎಣ್ಣೆಯ ಧಾರಣೆ ಮತ್ತು ಜೈವಿಕ ವಿಘಟನೆಯ ಬಗ್ಗೆ ಪ್ರಯೋಗಗಳನ್ನು ಮಾಡಿದ್ದಾರೆ. ಎಲ್ಲರೂ ಬಟ್ಟೆಯನ್ನು ಒಪ್ಪಿದ್ದಾರೆಂದು ಮಾತ್ರ ತಿಳಿಯಬೇಡಿ. ಅಮೆರಿಕದ ಹಲವು ವಿನ್ಯಾಸಗಳಲ್ಲಿ ಈ ಜಾಗದಲ್ಲಿ ಬಟ್ಟೆ ಹಾಕುವುದಿಲ್ಲ. ಸಣ್ಣದರಿಂದ ದೊಡ್ಡದಕ್ಕೆ ಹಂತ ಹಂತವಾಗಿ ಜಲ್ಲಿ ಜೋಡಿಸಿದರೆ ಪದರಗಳು ಬೆರೆಯುವುದಿಲ್ಲ, ಬಟ್ಟೆ ಹಾಕಿದರೆ ನುಣ್ಣನೆಯ ಮಣ್ಣು ಅಲ್ಲಿ ಕಟ್ಟಿಕೊಂಡು ನೀರಿಗೆ ತಡೆಯಾದೀತು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ವಾಹನ ನಿಲ್ಲುವ ಕಡೆ, ಎಣ್ಣೆ ಬೀಳುತ್ತದೆಂದು ಗೊತ್ತಿರುವ ಕಡೆ, ಬಟ್ಟೆಯಿಂದ ಸಿಗುವ ರಕ್ಷಣೆ ಆ ಅಪಾಯಕ್ಕಿಂತ ದೊಡ್ಡದೆಂಬುದು ನನ್ನ ಅಭಿಪ್ರಾಯ. ಪಾದಚಾರಿ ದಾರಿಗೆ ಅದು ಬೇಡ.

ಈ ವ್ಯವಸ್ಥೆ ಸೋಲುವ ಸಂದರ್ಭಗಳನ್ನೂ ಹೇಳಬೇಕು. ದಿನಕ್ಕೆ ಕೆಲವು ಹನಿಗಳನ್ನು ಅರಗಿಸುವ ನೆಲ, ಯಾರೋ ಆಯಿಲ್ ಬದಲಿಸುವಾಗ ನಾಲ್ಕು ಲೀಟರನ್ನು ಒಟ್ಟಿಗೆ ಚೆಲ್ಲಿದರೆ ತಾಳಲಾರದು. ಬಟ್ಟೆ ತುಂಬಿ ಮಿಕ್ಕದ್ದು ಕೆಳಗಿಳಿಯುತ್ತದೆ. ಅಂಥ ಅಪಘಾತಗಳಿಗಾಗಿ ಎಣ್ಣೆಯನ್ನು ನೀರಿನ ಮೇಲೆ ತೇಲಿಸಿ ಹಿಡಿದಿಡುವ ಹೆಚ್ಚುವರಿ ವ್ಯವಸ್ಥೆಗಳನ್ನು ನ್ಯೂಮನ್ ಮತ್ತು ಸಂಗಡಿಗರು ಮುಂದೆ ರೂಪಿಸಿದರು. ಸಾಬೂನು ಇದಕ್ಕಿಂತಲೂ ಕೆಟ್ಟ ವೈರಿ. ಎಣ್ಣೆ ನೀರಿನೊಡನೆ ಬೆರೆಯುವುದಿಲ್ಲ ಎಂಬ ಒಂದೇ ಗುಣದ ಮೇಲೆ ಬಟ್ಟೆ ಅದನ್ನು ಹಿಡಿಯುತ್ತದೆ. ಕಾರು ತೊಳೆಯುವ ಡಿಟರ್ಜೆಂಟ್ ಆ ಗುಣವನ್ನೇ ಅಳಿಸಿ, ಎಣ್ಣೆಯನ್ನು ಹಾಲಿನಂತೆ ನೀರಿನಲ್ಲಿ ಬೆರೆಸಿ, ಬಟ್ಟೆಯ ರಂಧ್ರಗಳಿಂದ ನುಸುಳಿಸುತ್ತದೆ. ಸಂದುಗಳಲ್ಲಿ ಬೆಳೆದ ಹುಲ್ಲಿಗೆ ಕಳೆನಾಶಕ ಹೊಡೆಯುವುದೂ ಹಾಗೆಯೇ: ಗ್ಲೈಫೋಸೇಟ್ ಇರುವ ಕಳೆನಾಶಕಗಳು ಈ ನೆಲದಲ್ಲಿ ಎಣ್ಣೆ ಮತ್ತು ಲೋಹಗಳ ಧಾರಣೆಯನ್ನು ಕೆಡಿಸುತ್ತವೆಂದು ಕೊವೆಂಟ್ರಿಯ ಪ್ರಯೋಗಗಳು 2013ರಲ್ಲಿ ತೋರಿಸಿದವು. ಹುಲ್ಲನ್ನು ಕೈಯಲ್ಲಿ ಕೀಳಬೇಕು. ಇನ್ನು, ಬಳಸಿದ ಆಯಿಲ್‌ನಲ್ಲಿರುವ ಸತು ಮೊದಲಾದ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ಅರಗಿಸದು. ಅವು ಹೂಳಿನೊಡನೆ ಒಳಗೇ ಉಳಿಯುತ್ತವೆ, ಎಂದೋ ಒಂದು ದಿನ ನೆಲ ಅಗೆದಾಗ ಆ ಹೂಳನ್ನು ಎಚ್ಚರದಿಂದ ವಿಲೇವಾರಿ ಮಾಡಬೇಕು.

ನಮ್ಮ ಊರುಗಳ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ವಸತಿ ಸಮುಚ್ಚಯದ ವಾಹನ ನಿಲುಗಡೆಗೆ ನಾನು ಇಂಥ ನೆಲದ ನಕ್ಷೆ ಮಾಡಿಕೊಟ್ಟಿದ್ದೆ. ಜಲ್ಲಿ, ಬಟ್ಟೆ, ತಳದ ಕೊಳವೆ ಎಲ್ಲವೂ ಸರಿಯಾಗಿ ಕೂತವು. ಬ್ಲಾಕು ಹಾಸುವ ಕೊನೆಯ ಎರಡು ದಿನ ನಾನು ಬೇರೆ ಊರಿನಲ್ಲಿದ್ದೆ. ಮರಳಿ ಬಂದು ನೋಡಿದರೆ ಮೇಸ್ತ್ರಿ, ತಾನು ಇಪ್ಪತ್ತು ವರ್ಷಗಳಿಂದ ಮಾಡಿಕೊಂಡು ಬಂದ ರೂಢಿಯಂತೆ, ಎಂ-ಸ್ಯಾಂಡಿಗೆ ಸಿಮೆಂಟ್ ಬೆರೆಸಿ ಸಂದುಗಳಿಗೆ ಗುಡಿಸಿ, ಮೇಲೆ ನೀರು ಚಿಮುಕಿಸಿದ್ದರು. “ಸರ್, ಹುಲ್ಲು ಬೆಳೆಯಬಾರದು ಅಂತ ಗಟ್ಟಿ ಮಾಡಿದೀನಿ” ಎಂದರು. ಅವರ ಕೆಲಸದಲ್ಲಿ ಶ್ರದ್ಧೆಯಿತ್ತು. ಏಕೆ ಹಾಗೆ ಮಾಡಬಾರದೆಂದು ಅವರನ್ನು ಕೂರಿಸಿ ಹೇಳದಿದ್ದದ್ದು ನನ್ನ ತಪ್ಪು. ಬೇಬಿ ಜಲ್ಲಿ ತರಿಸಿ ಮತ್ತೆ ತುಂಬಲು ಅರ್ಧ ನೆಲವನ್ನು ಕೀಳಬೇಕಾಯಿತು. ಅಂದಿನಿಂದ ನಾನು ನಕ್ಷೆಯನ್ನು ಕೊಡುವ ಮೊದಲು ಮೇಸ್ತ್ರಿಯ ಎದುರು ಆ ಗಾಜಿನ ಲೋಟದ ಪ್ರಯೋಗವನ್ನು ಮಾಡಿ ತೋರಿಸುತ್ತೇನೆ.

ನಮ್ಮಲ್ಲಿ ಒಂದು ಅನುಕೂಲವೂ ಇದೆ. ಕೊವೆಂಟ್ರಿಯ ಚಳಿಗಾಲದಲ್ಲಿ ಮಂದವಾಗುವ ಜೀವಿಗಳು ನಮ್ಮ ಹವೆಯಲ್ಲಿ ವರ್ಷವಿಡೀ ಚುರುಕಾಗಿರಬಲ್ಲವು. ಅದಕ್ಕೆ ಎದುರಾಗಿ ನಮ್ಮ ಧೂಳು ಹೆಚ್ಚು, ಬೇಸಿಗೆಯ ಒಣಹವೆ ಉದ್ದ. ತೇವವಿಲ್ಲದೆ ಬಯೋಫಿಲ್ಮ್ ನಿದ್ರೆಗೆ ಜಾರುತ್ತದೆ, ಆದ್ದರಿಂದ ನಾಲ್ಕು ತಿಂಗಳು ಕೂಡಿದ ಎಣ್ಣೆಯ ಮೇಲೆ ಮೊದಲ ಮಳೆ ಬಿದ್ದಾಗ ಬಟ್ಟೆಯ ಹಿಡಿತವೊಂದೇ ಆಸರೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೆಲಕ್ಕೆ ಒಂದಿಷ್ಟು ನೀರು ಚಿಮುಕಿಸುವುದು, ಅದೂ ಒಮ್ಮೆ ಬಳಸಿದ, ಆದರೆ ಸಾಬೂನು ಸೇರದ ನೀರಿನಿಂದ, ಒಳ್ಳೆಯದೆಂದು ನಾನು ಸೂಚಿಸುತ್ತೇನೆ. ತೆಂಗಿನ ನಾರಿನ ಬಟ್ಟೆ ಹಾಕಬಾರದೇ ಎಂದು ತಿಪಟೂರು ಕಡೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದರು. ಏರಿಯ ಇಳಿಜಾರು ಕೊಚ್ಚಿಹೋಗದಂತೆ ಹಿಡಿಯಲು, ಹಳ್ಳಿ ರಸ್ತೆಯ ತಳಕ್ಕೆ ನಾರಿನ ಜಿಯೋಟೆಕ್ಸ್‌ಟೈಲ್ ಚೆನ್ನಾಗಿ ಒದಗುತ್ತದೆ. ಈ ನೆಲದಲ್ಲಿ ಮಾತ್ರ, ಎಣ್ಣೆ ಉಣ್ಣಲು ಕರೆದ ಅತಿಥಿಗಳು ಕೆಲವೇ ವರ್ಷಗಳಲ್ಲಿ ಎಲೆಯನ್ನೂ ಉಂಡುಬಿಡುತ್ತಾರೆ, ಪದರಗಳನ್ನು ಬೇರ್ಪಡಿಸಲು ಏನೂ ಉಳಿಯುವುದಿಲ್ಲ.

ಇಂಗ್ಲೆಂಡಿನಲ್ಲಿ 2008ರ ಅಕ್ಟೋಬರಿನಿಂದ ಮನೆಯ ಮುಂದಿನ ತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರಿಂಗದ ನೆಲ ಹಾಸಬೇಕಾದರೆ, ನೀರು ಹರಿದು ಇಂಗಲು ಬೇರೆ ಏರ್ಪಾಡು ಇಲ್ಲದಿದ್ದಲ್ಲಿ, ಯೋಜನಾ ಅನುಮತಿ ಬೇಕು. ನೀರಿಂಗುವ ನೆಲಕ್ಕೆ ಬೇಡ. ಇಷ್ಟು ಸರಳವಾದ ನಿಯಮದಿಂದ ಅಲ್ಲಿ ಈ ವಿದ್ಯೆ ಮನೆಮನೆಯ ಅಂಗಳದ ವಿಚಾರವಾಯಿತು.

ಉಪನ್ಯಾಸದ ಬಳಿಕ ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಒಳಗೆ ಕೆಲಸ ನಡೆಯುತ್ತಿದೆಯೋ ಇಲ್ಲವೋ ಎಂದು ಉಪಕರಣವಿಲ್ಲದೆ ತಿಳಿಯುವುದು ಹೇಗೆ ಎಂದು ಅವರು ಕೇಳಿದ್ದರು. ವರ್ಷಕ್ಕೊಮ್ಮೆ, ಮಳೆ ನಿಂತ ಮೂರನೆಯ ದಿನ, ಎಣ್ಣೆ ಹೆಚ್ಚು ಬೀಳುವ ಕಡೆ ಒಂದು ಬ್ಲಾಕನ್ನು ಮೆಲ್ಲಗೆ ಎತ್ತಿ, ಸಣ್ಣ ಜಲ್ಲಿಯನ್ನು ಬದಿಗೆ ಸರಿಸಿ, ಬಟ್ಟೆಯ ಹತ್ತಿರಕ್ಕೆ ಬಗ್ಗಿ ಮೂಸಿ ನೋಡಿ. ಮಳೆ ಬಿದ್ದ ಹೊಲದಂಥ ಮಣ್ಣಿನ ವಾಸನೆ ಬಂದರೆ ಗಾಳಿಯಾಡುತ್ತಿದೆ, ಜೀವಿಗಳು ನೆಮ್ಮದಿಯಾಗಿವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಒಳಗೆ ನಿಂತಿದೆ ಎಂದರ್ಥ, ತಳದ ಕೊಳವೆಯ ಬಾಯಿಯನ್ನು ನೋಡಿ. ಬರೀ ಆಯಿಲ್ ವಾಸನೆ ಬಂದು, ಬಟ್ಟೆ ಬೆರಳಿಗೆ ಲೋಳೆಯಾಗದೆ ಎಣ್ಣೆ ಜಿಡ್ಡಾಗಿಯೇ ಹತ್ತಿದರೆ, ಉಣ್ಣುವವರಿಗೆ ರಂಜಕ ಸಾಲುತ್ತಿಲ್ಲ. ನೋಡಿದ ಮೇಲೆ ಕೈಯನ್ನು ಚೆನ್ನಾಗಿ ತೊಳೆದುಕೊಳ್ಳಿ, ಆದರೆ ಸಾಬೂನಿನ ಆ ನೀರನ್ನು ಆ ನೆಲದ ಮೇಲೆ ಚೆಲ್ಲಬೇಡಿ.